ಬಾಗಿಲು ಮುಚ್ಚಿ ಆಡಿದ ಮಾತು

ಸೋಫಾ ರಿಪೇರಿ ಮಾಡುವ ಅವನನ್ನು ಹುಟ್ಟೂರಿನಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರ ಬಾಯಲ್ಲೂ ಅವನು ರೇಡಿಯೋ. ಹಲ್ಲುಜ್ಜುವಾಗ ಶುರುವಾದ ಮಾತು ದಿಂಬಿಗೆ ತಲೆ ಕೊಟ್ಟ ಮೇಲೂ ನಿಲ್ಲುತ್ತಿರಲಿಲ್ಲ. ಹಳೇ ಕುರ್ಚಿಯ ಬಟ್ಟೆ ಬಿಚ್ಚುತ್ತ, ಅದರಲ್ಲಿ ಕೂರುತ್ತಿದ್ದವರು ಯಾವ ಮಗ್ಗುಲಿಗೆ ವಾಲುತ್ತಿದ್ದರು, ಯಾರ ಮೇಲೆ ಸಿಟ್ಟು ಮಾಡಿಕೊಂಡು ಕೈಹಿಡಿಯನ್ನು ಉಗುರಿನಿಂದ ಕೆರೆದಿದ್ದರು ಎಂದೆಲ್ಲ ಕಥೆ ಕಟ್ಟುತ್ತಿದ್ದ. ಕೆಲಸ ಮುಗಿದರೂ ಗಿರಾಕಿಗಳು ಜಾಗ ಬಿಟ್ಟು ಏಳುತ್ತಿರಲಿಲ್ಲ. ಅಂಥ ರೇಡಿಯೋ ಹೊರದೇಶಕ್ಕೆ ಬಂದ ಮೇಲೆ ಆಫ್ ಆಗಿಹೋಯಿತು.

ಆಫ್ ಮಾಡಿಸಿದವನು ಹೆಂಡತಿಯ ಅಣ್ಣ. ಆತ ಇವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಒಂದು ವ್ಯಾನು, ಒಂದಿಷ್ಟು ಬೊಜ್ಜು ಮತ್ತು ಕೇಳದಿದ್ದರೂ ಬುದ್ಧಿ ಹೇಳುವ ಚಾಳಿಯನ್ನು ಸಂಪಾದಿಸಿಕೊಂಡಿದ್ದ.

"ಭಾವ, ಮನೇಲೂ ಇಲ್ಲಿನ ಭಾಷೇನೇ ಆಡಿ. ಇಲ್ಲಾಂದ್ರೆ ಮಕ್ಕಳು ಅತ್ತ ಅದೂ ಇಲ್ಲ, ಇತ್ತ ಇದೂ ಇಲ್ಲ ಅಂತ ಎಡಬಿಡಂಗಿಗಳಾಗ್ತಾರೆ," ಅಂದ.

ದೊಡ್ಡ ಮಗಳು ಆಗಿನ್ನೂ ತೊದಲುತ್ತಿದ್ದಳು, ಚಿಕ್ಕವಳು ಹುಟ್ಟಿರಲಿಲ್ಲ. ಮಕ್ಕಳ ಒಳ್ಳೆಯದಕ್ಕೆ ತಾನೆ ಎಂದು ಗಂಡ ಹೆಂಡತಿ ಮನೆಮಾತಿಗೆ ಬೀಗ ಜಡಿದರು. ಅವಳು ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುವವಳು. ಇವನಿಗೆ ಬರುತ್ತಿದ್ದದ್ದು ಮೊಳೆ, ಅಂಟು, ಸ್ಪಂಜು, ನಾಳೆ ಬನ್ನಿ ಎನ್ನುವಷ್ಟು ಭಾಷೆ. ಅಷ್ಟನ್ನೇ ಇಟ್ಟುಕೊಂಡು ಇಬ್ಬರೂ ಎರಡು ಹೆಣ್ಣುಮಕ್ಕಳನ್ನು ಬೆಳೆಸಲು ಹೊರಟರು. "ಊಟ, ಬಾ." "ಶೂ ಎಲ್ಲಿ?" "ಈಗ ನಿದ್ದೆ." ದೊಡ್ಡವಳು ಒಮ್ಮೆ ಕಿಟಕಿಯ ಹೊರಗೆ ಚಂದ್ರನನ್ನು ತೋರಿಸಿ, ಅದು ನಮ್ಮ ಬಸ್ಸಿನ ಹಿಂದೆಯೇ ಯಾಕೆ ಬರುತ್ತೆ ಎಂದು ಕೇಳಿದಳು. ಹುಟ್ಟೂರಿನ ರೇಡಿಯೋ ಆಗಿದ್ದರೆ ಮನೆ ಮುಟ್ಟುವವರೆಗೂ ಸಾಕಾಗುವಷ್ಟು ಕಥೆ ಹೇಳುತ್ತಿದ್ದ. ಇವನು ಪದಕ್ಕಾಗಿ ತಡಕಾಡಿ, "ಚಂದ್ರ, ಒಳ್ಳೇದು," ಅಂದ. ಆಮೇಲೆ ಅವಳು ಅಂಥದ್ದನ್ನು ಅವನ ಹತ್ತಿರ ಕೇಳುವುದು ಬಿಟ್ಟಳು.

ಆದರೆ ಎರವಲು ತಂದ ನಾಲಿಗೆಯಲ್ಲಿ ಜಗಳ ಆಡಲಾಗುತ್ತದೆಯೇ? ಹೊಟ್ಟೆಯೊಳಗಿನ ಉರಿ ಹೊರಬರಬೇಕಾದರೆ ಮನೆಮಾತೇ ಬೇಕು. ಹಾಗಾಗಿ ಸಿಟ್ಟು ಬಂದಾಗ ಇಬ್ಬರೂ ಮಲಗುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮನಸ್ಸು ಹಗುರಾಗುವವರೆಗೆ ಕೂಗಾಡಿ ಬರುತ್ತಿದ್ದರು. ಗೋಡೆ ತೆಳು ಪ್ಲೈವುಡ್ಡಿನದು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮಕ್ಕಳಿಗೆ ಅರ್ಥವಾಗುವುದಿಲ್ಲವಲ್ಲ ಎಂಬ ಧೈರ್ಯ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈ ಮನೆಯಲ್ಲಿ ಬಲ್ಲ ಮಾತು ಉಳಿದದ್ದೇ ಜಗಳಕ್ಕೆ.

ಆ ವರ್ಷ ಜಗಳವೆಲ್ಲ ಶಾಲೆಯದ್ದು. ಬೀದಿಯ ತುದಿಯಲ್ಲೇ ಒಂದು ಶಾಲೆ, ಅಲ್ಲಿ ಆ ದೇಶದ ಭಾಷೆ ಮಾತ್ರ. ಊರಾಚೆ ಇನ್ನೊಂದು ಅಂತರರಾಷ್ಟ್ರೀಯ ಶಾಲೆ, ಬೆಳಗ್ಗೆ ಒಂದು ಭಾಷೆ, ಮಧ್ಯಾಹ್ನ ಇಂಗ್ಲಿಷ್. ಕೆಲಸಗಾರರ ಮಕ್ಕಳಿಗೂ ಅಲ್ಲಿ ಒಂದಿಷ್ಟು ಸೀಟು ಇಡುತ್ತಾರೆ ಎಂದು ಕೇಳಿದ್ದೇ ತಡ, ಇವನು ಅದರ ಜಪ ಹಿಡಿದ.

"ನಾಳೆ ಈ ದೇಶ ಬಿಡಬೇಕಾಗಿ ಬಂದ್ರೆ? ಇಂಗ್ಲಿಷ್ ಎಲ್ಲಿಗೆ ಹೋದ್ರೂ ಜೊತೆಗೆ ಬರುತ್ತೆ," ಎಂದು ಅವನು.

"ಇರೋ ಒಂದೇ ಭಾಷೆ ಮಕ್ಕಳ ಬಾಯಲ್ಲಿ ಇನ್ನೂ ಬೆಂದಿಲ್ಲ. ಅಷ್ಟರೊಳಗೆ ಇನ್ನೊಂದನ್ನ ಒಲೆ ಮೇಲಿಡ್ತೀರಾ?" ಎಂದು ಅವಳು.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ವಾರಗಟ್ಟಲೆ ಆ ಬಾಗಿಲು ಮುಚ್ಚಿತು, ತೆರೆಯಿತು. ಕೊನೆಗೆ ಒಮ್ಮೆ ನೋಡಿಯಾದರೂ ಬರೋಣ ಎಂದು ನಾಲ್ವರೂ ಹೊರಟರು.

ಆ ಶಾಲೆಯಲ್ಲಿ ಮಕ್ಕಳಿಗೆ ಪ್ರವೇಶ ಪರೀಕ್ಷೆ ಇಲ್ಲ. ಅದರ ಬದಲಿಗೆ ಮನೆಯವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಅಪ್ಪನೋ ಅಮ್ಮನೋ ತಮ್ಮ ಮನೆಮಾತಿನಲ್ಲಿ ಮಗುವಿಗೆ ಏನಾದರೂ ಹೇಳಿಕೊಡಬೇಕು, ಟೀಚರು ಸುಮ್ಮನೆ ನೋಡುತ್ತಾರೆ. ಮಗು ಮನೆಯಿಂದ ಏನು ತರುತ್ತದೆ ಎಂದು ತಿಳಿದರೆ ತಮ್ಮ ಕೆಲಸ ಸುಲಭವಂತೆ. ಬಿಳಿ ಕೂದಲಿನ ಆ ಟೀಚರು, "ನಿಮಗೆ ಚೆನ್ನಾಗಿ ಗೊತ್ತಿರೋದನ್ನೇ ಹೇಳಿಕೊಡಿ," ಅಂದರು.

ಅವನು ಕೂತಿದ್ದ ಪುಟ್ಟ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲೆ ಬೋರಲು ಹಾಕಿದ. ದೊಡ್ಡ ಮಗಳ ಮುಂದೆ ಮನೆಮಾತಿನಲ್ಲಿ ಬಾಯಿ ತೆರೆಯುವುದೆಂದರೆ ಅವನಿಗೇ ನಾಚಿಕೆ. ಒಂದು ಸಲ ಗಂಟಲು ಸರಿಮಾಡಿಕೊಂಡ.

"ನೋಡು ಪುಟ್ಟೀ, ಈ ಕುರ್ಚಿಯಂಥ ಸೋಮಾರಿ ಲೋಕದಲ್ಲೇ ಇಲ್ಲ. ನಾಲ್ಕು ಕಾಲಿದೆ, ಒಂದು ಹೆಜ್ಜೆ ನಡೆಯಲ್ಲ. ಇದಕ್ಕೆ ಬಟ್ಟೆ ಹೊದಿಸಿದವನು ಇನ್ನೂ ದೊಡ್ಡ ಸೋಮಾರಿ, ಮೂಲೆ ಮಡಿಸಿರೋದು ನೋಡು..."

ಮಾತು ಮಾತಿಗೆ ಕೊಂಡಿಯಾಯಿತು. ದನಿ ಏರಿತು, ಕೈ ಆಡತೊಡಗಿತು. ಎಷ್ಟೋ ವರ್ಷಗಳ ಮೇಲೆ ರೇಡಿಯೋಗೆ ಸ್ಟೇಷನ್ ಸಿಕ್ಕಿತ್ತು. ಹೆಂಡತಿ ತಡೆಯಲಾರದೆ, "ನೀವು ಮಾತ್ರ ಮಹಾ ಚುರುಕು," ಎಂದು ತಾನೂ ಬಾಯಿ ಹಾಕಿದಳು.

ಅಷ್ಟರಲ್ಲಿ ದೊಡ್ಡವಳು ಎದ್ದಿದ್ದಳು. ಮುಖ ಬಿಳುಚಿಕೊಂಡಿತ್ತು. ತಂಗಿಯ ಕೈ ಹಿಡಿದು ಕೋಟು ನೇತುಹಾಕುವ ಮೂಲೆಗೆ ಕರೆದೊಯ್ದು, ಗೋಡೆಗೆ ಮುಖ ಮಾಡಿ ಕೂರಿಸಿ, ಅವಳ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿ, ಸಣ್ಣಗೆ ಗುನುಗತೊಡಗಿದಳು. ಚಿಕ್ಕವಳೂ ರೂಢಿಯಂತೆ ಕಣ್ಣು ಮುಚ್ಚಿಕೊಂಡಳು.

ಟೀಚರು ಹತ್ತಿರ ಹೋಗಿ, ಏನಾಯಿತು ಎಂದು ಕೇಳಿದರು.

"ಅಪ್ಪ ಅಮ್ಮ ಜಗಳ ಆಡ್ತಿದ್ದಾರೆ," ಎಂದು ಅವಳು ಆ ದೇಶದ ಭಾಷೆಯಲ್ಲಿ ಹೇಳಿದಳು. ಆಮೇಲೆ ಟೀಚರಿಗೇ ಸಮಾಧಾನ ಹೇಳುವಂತೆ, "ಹೆದರಬೇಡಿ, ಸ್ವಲ್ಪ ಹೊತ್ತಿಗೆ ಮುಗಿಯುತ್ತೆ," ಅಂದಳು.

"ಜಗಳ ಅಲ್ಲ ಪುಟ್ಟೀ," ಅಂದ ಅವನು. ಅದೂ ಮನೆಮಾತಿನಲ್ಲೇ ಬಂತು. ಅವಳ ಅಂಗೈಗಳು ತಂಗಿಯ ಕಿವಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡವು.

ಹೊರಡುವಾಗ ಟೀಚರು ಬಾಗಿಲವರೆಗೆ ಬಂದರು. "ಇಬ್ಬರಿಗೂ ಸೀಟಿದೆ. ಎರಡು ಭಾಷೆ ನಾವು ಕಲಿಸ್ತೀವಿ. ಮೂರನೇದನ್ನ ಕಲಿಸೋರು ನಮ್ಮಲ್ಲಿ ಯಾರೂ ಇಲ್ಲ. ಯೋಚನೆ ಮಾಡಿ ಹೇಳಿ."

ಅವನು ಹೆಂಡತಿ ಮಕ್ಕಳನ್ನು ಬಸ್ಸಿನಿಂದ ಮನೆಯ ಹತ್ತಿರ ಇಳಿಸಿ ಕೆಲಸದ ಜಾಗಕ್ಕೆ ಹೋದ. ಅರ್ಧ ಬಿಚ್ಚಿದ ಸೋಫಾದ ಮುಂದೆ ಕೂತು ಅತ್ತ. ತನ್ನ ತಾಯಿ ತನ್ನನ್ನು ಮಲಗಿಸುತ್ತಿದ್ದ ಮಾತು, ತನ್ನ ಮಕ್ಕಳಿಗೆ ಕಿವಿ ಮುಚ್ಚಿಕೊಳ್ಳುವ ಮಾತಾಗಿತ್ತು. ಹಾಗೆ ಮಾಡಿದವರು ಪರರಲ್ಲ, ತಾವೇ. ಹೆಂಡತಿಯ ಅಣ್ಣನನ್ನು ಬೈದುಕೊಳ್ಳಲು ನೋಡಿದ, ಅದಕ್ಕೂ ಮನಸ್ಸು ಬರಲಿಲ್ಲ.

ಸಂಜೆ ಊಟವಾದ ಮೇಲೆ, ಶಾಲೆಯ ಮಾತು ತೆಗೆಯಬೇಕೆಂದು ಅವನು ರೂಢಿಬಲದಿಂದ ಮಲಗುವ ಕೋಣೆಯ ಕಡೆ ಹೆಜ್ಜೆ ಹಾಕಿದ.

"ಒಳಗೆ ಬೇಡ ರೀ. ಇಲ್ಲೇ ಕೂತು ಮಾತಾಡೋಣ," ಅಂದಳು ಹೆಂಡತಿ, ಮನೆಮಾತಿನಲ್ಲಿ.

ಮೊದಲ ಮಾತು ಕಿವಿಗೆ ಬಿದ್ದದ್ದೇ ದೊಡ್ಡವಳು ತಂಗಿಯನ್ನು ಎಬ್ಬಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಗುನುಗು ಶುರುವಾಯಿತು. ಅವನಿಗೆ ಎದ್ದು ಹೋಗಿ ಬಾಗಿಲು ತೆರೆಯಬೇಕೆನ್ನಿಸಿತು. ಹೆಂಡತಿ ಕೈ ಹಿಡಿದು ಕೂರಿಸಿದಳು.

"ಬಿಡಿ. ನಾವು ಮಾತಾಡ್ತಾ ಇರೋಣ. ಆ ಶಾಲೆಗೇ ಕಳಿಸೋಣ, ನಂದೇನೂ ತಕರಾರಿಲ್ಲ."

"ಈಗ ನಂಗೇ ಬೇಡ ಅನ್ನಿಸ್ತಿದೆ."

"ಯಾಕೆ? ನಮ್ಮನ್ನ ಹಿಡಿದು ಕನ್ನಡಿ ಮುಂದೆ ನಿಲ್ಲಿಸಿದ್ದು ಆ ಶಾಲೆ ತಾನೆ? ಎರಡು ಅವರ ಪಾಲು. ಮೂರನೇದು ನಮ್ಮ ಪಾಲು."

ಅವನು ಮೇಜಿನ ಅಂಚನ್ನು ಸವರಿದ. "ನಿಮ್ಮಣ್ಣ ಕೇಳಿದ್ರೆ ಏನಂತಾನೋ," ಅಂದ.

"ಅಂದುಕೊಳ್ಳಲಿ. ಅವನ ವ್ಯಾನಿನ ಸೀಟು ಹರಿದಿದೆಯಂತೆ, ಹೊಲಿಯೋವಾಗ ಎರಡು ಮೊಳೆ ಮೇಲ್ಮುಖವಾಗಿ ಬಿಟ್ಟುಬಿಡಿ."

ಅವನಿಗೆ ನಗು ಬಂತು. ಅವಳೂ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. ಒಳಗೆ ಗುನುಗು ನಿಂತಿತು.

ಬಾಗಿಲು ಒಂದು ಗೇಣು ತೆರೆಯಿತು. ದೊಡ್ಡವಳು ನಿಂತಿದ್ದಳು, ಒಂದು ಕೈ ಬಾಗಿಲ ಮೇಲೆ, ಇನ್ನೊಂದು ತಂಗಿಯ ಕಿವಿಯ ಮೇಲೆ.

"ಮುಗೀತಾ?" ಎಂದು ಆ ದೇಶದ ಭಾಷೆಯಲ್ಲಿ ಕೇಳಿದಳು.

ಅವನು ಎರವಲು ಪದಗಳಿಗಾಗಿ ತಡಕಾಡಿ, ಬಿಟ್ಟ. "ಇಲ್ಲ ಪುಟ್ಟೀ," ಅಂದ ಮನೆಮಾತಿನಲ್ಲಿ, ಆದಷ್ಟು ಮೆತ್ತಗೆ. "ಈಗಷ್ಟೇ ಶುರು."

ಅವಳಿಗೆ ಅರ್ಥವಾಗಲಿಲ್ಲ. ಅಪ್ಪನ ಮುಖ ನೋಡಿದಳು, ಇನ್ನೂ ನಗುತ್ತಿದ್ದ ಅಮ್ಮನ ಮುಖ ನೋಡಿದಳು. ಆಮೇಲೆ ತಂಗಿಯ ಕಿವಿಯ ಮೇಲಿದ್ದ ಕೈಯನ್ನು ನಿಧಾನಕ್ಕೆ ತೆಗೆದಳು.