ವನಮಾಲಾ ಡಾಕ್ಟರು ಓದಿದ ಹಲ್ಲುಗುರುತು

ವನಮಾಲಾ ಡಾಕ್ಟರು ಮರದ ಮೋಟನ್ನೂ ರೋಗಿಯ ಬಾಯಿಯಂತೆಯೇ ನೋಡುತ್ತಿದ್ದರು: ಮಂಡಿಯೂರಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಓರೆ ಹಿಡಿದು. ಧಾರವಾಡದವರು, ಫ್ರೀಮಾಂಟಿನಲ್ಲಿ ದಂತವೈದ್ಯೆ. ತಿಂಗಳಿಗೊಂದು ಶನಿವಾರ ನಾವಿಬ್ಬರೂ ಸ್ವಯಂಸೇವಕರಾಗಿ ತೊರೆಯುದ್ದಕ್ಕೂ, ಹಲ್ಲಿನಿಂದಲೇ ಮರ ಕಡಿಯುವ ನೀರುಪ್ರಾಣಿಗಳಾದ ಬೀವರ್‌ಗಳ ಸುಳಿವು ಹುಡುಕುತ್ತಿದ್ದೆವು. ಬೀವರ್ ಕಂಡ ನೆನಪಿಲ್ಲ. ಅದು ಕಡಿದ ಕೊಂಬೆ, ಕೆಸರಿನಲ್ಲಿ ಹೆಜ್ಜೆ, ಇಷ್ಟೇ. ಏನೂ ಸಿಗದ ದಿನವೂ ‘ಇಲ್ಲ’ ಎಂಬುದನ್ನು ಫಾರಮಿನಲ್ಲಿ ನನ್ನಿಂದ ನೀಟಾಗಿ ಬರೆಸುತ್ತಿದ್ದರು.

“ಹಲ್ಲು ಸುಳ್ಳು ಹೇಳೂದಿಲ್ಲಪಾ. ದಿನಾ ಎರಡು ಸಲ ಬ್ರಶ್ ಮಾಡ್ತೇನಿ ಅನ್ನೋ ಬಾಯಿ ಸುಳ್ಳು ಹೇಳ್ತದ,” ಎನ್ನುತ್ತಿದ್ದರು.

ಈಗ ಹೇಳುವುದು ಒಂದು ಶನಿವಾರದ ಮಾತು. ಅಂದು ಮೋಡವಿತ್ತು ಎಂದು ಬರೆಯಲು ಹೊರಟೆ. ಫೋನಿನ ಚಿತ್ರದಲ್ಲಿ ಬಿಸಿಲಿದೆ. ಮುಂದಿನದನ್ನೂ ಎಚ್ಚರದಿಂದ ಓದಬೇಕು. ಪ್ರವಾಹದ ಭಯಕ್ಕೆ ತೊರೆಯ ಉಸ್ತುವಾರಿಯವರು ವಿಲ್ಲೋ ಮರಗಳನ್ನು ಕಡಿಸುವವರಿದ್ದರು. ಬೀವರ್ ಇನ್ನೂ ಅಲ್ಲಿದೆ ಎನ್ನಲು ಒಂದು ಹಸಿ ಗುರುತು ಸಿಕ್ಕರೆ ಕೆಲಸ ನಿಲ್ಲುತ್ತಿತ್ತು. ಸಿಕ್ಕಿದ್ದು ಒಂದು ಮೋಟು. ಡಾಕ್ಟರು ಅದರ ಮುಂದೆ ಗಂಟೆ ಹೊತ್ತು ಕೂತು ಉಗುರಿನಿಂದ ಕೆರೆದರು, ಮೂಸಿದರು, ಹೋದ ವರ್ಷದ್ದು ಎಂದರು. ಹಸಿ ಎಂದೇ ಬರೆಯೋಣ, ಮರಗಳಾದರೂ ಉಳಿದಾವು ಎಂದೆ. ಅವರು ತಲೆಯೆತ್ತಲಿಲ್ಲ.

“ಹಳೇದು. ಹಂಗ ಬರಿ.”

ಬರೆದೆ. ತೊರೆಯ ಕೊನೆಯ ತಿರುವು ನೋಡುವುದು ಇನ್ನೂ ಬಾಕಿಯಿತ್ತು, ಹೊತ್ತಾಯಿತೆಂದು ಹಿಂತಿರುಗಿದೆವು. ‘ಸಾಕು’ ಎಂದವರು ಯಾರು? ಅವರೇ ಎಂದುಕೊಂಡಿದ್ದೆ. ಆದರೆ ಅಂದು ಮಧ್ಯಾಹ್ನ ಮೌಂಟನ್ ವ್ಯೂನಲ್ಲಿ ಊಟಕ್ಕೆ ಕರೆ ಇದ್ದದ್ದು ನನಗೆ.

ಮುಂದಿನ ವಾರ ಮರ ಕಡಿದರು. ಮರುದಿನವೇ ಹೋದೆವು. ಕೊನೆಯ ತಿರುವಿನಲ್ಲಿ ಕಡಿದು ಹಾಕಿದ ರಾಶಿಯಿಂದ ಡಾಕ್ಟರು ಒಂದು ಕಾಂಡ ಎಳೆದರು. ಒಂದು ತುದಿ ಗರಗಸದ್ದು. ಇನ್ನೊಂದು ತುದಿಯ ಮೇಲೆ ಹಲ್ಲಿನ ಅಗಲವಾದ ಗೀರುಗಳು, ಬಿಳಿಯಾಗಿ, ಇನ್ನೂ ರಸ ಆರದೆ. ನಾವು ಬಂದಿದ್ದ ವಾರದ್ದೇ ಎಂದರು.

ಅವತ್ತು ಸಾಕು ಎಂದದ್ದು ನಾನಿರಬೇಕು ಎಂದು ಶುರು ಮಾಡಿದೆ.

“ದಿನಾ ಎಲ್ಲಾರಿಗೂ ಬಾಯಿ ತಗೀರಿ ಅಂತೀನಿ. ನೀ ಮುಚ್ಚು.”

ಫಾರಮನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲ ಸಲ ತಾವೇ ಬರೆದರು: ಗುರುತು ಹಸಿ, ಹಿಂದಿನ ಸಲ ಈ ತಿರುವನ್ನು ನೋಡಲಿಲ್ಲ, ಹಿಂತಿರುಗೋಣ ಎಂದವಳು ನಾನು. ಸಹಿ ಹಾಕಿ ಕೊಟ್ಟರು.

ಅದಾದ ಮೇಲೆ ಅವರು ತೊರೆಗೆ ಬರಲಿಲ್ಲ. ನನಗೆ ತಿಳಿದಂತೆ, ಫಾರಮಿನಲ್ಲಿ ಅವರು ಬರೆಸಿದ್ದರಲ್ಲೂ ಬರೆದದ್ದರಲ್ಲೂ ‘ಹಿಂತಿರುಗೋಣ ಎಂದವಳು ನಾನು’ ಎಂಬುದೊಂದೇ ಸುಳ್ಳು. ನಾನು ತಿದ್ದಲಿಲ್ಲ.