ಸಾವಿನ ಮನೆಗೆ ಕೆಂಪು ಬಾರದು

ಕ್ರಿಸಾಂತೊ ಸತ್ತಾಗ ಶವದ ಪೆಟ್ಟಿಗೆ ಕೊಟ್ಟದ್ದು ಸರಕಾರ. ಬಾರ್ಕಿಸಿಮೆಟೊ ನಗರದ ಗುಡ್ಡದ ಕೇರಿಯಲ್ಲಿ ಆಗ ಹೆಣಕ್ಕೆ ಪೆಟ್ಟಿಗೆ ಕೊಳ್ಳುವ ಶಕ್ತಿ ಯಾರಿಗಿತ್ತು? ತಂದುಕೊಟ್ಟವಳು ಬೀದಿಯ ಮುಖಂಡೆ ಯಾಮಿಲೆ. ಅಕ್ಕಿ, ಜೋಳದ ಹಿಟ್ಟು, ಎಣ್ಣೆ ತುಂಬಿದ ಸರಕಾರಿ ಡಬ್ಬವೂ ಅವಳ ಕೈಯಿಂದಲೇ ಮನೆಮನೆಗೆ ಬರುತ್ತಿತ್ತು. ಆಳುವ ಪಕ್ಷದ ಮೆರವಣಿಗೆಗೆ ಬಾರದವರ ಡಬ್ಬ ದಾರಿ ತಪ್ಪುತ್ತಿತ್ತು.

ಕ್ರಿಸಾಂತೊ ಬಸ್ಸು ಓಡಿಸುತ್ತಿದ್ದವನು. ಬಿಡಿಭಾಗ ಸಿಗದೆ ಬಸ್ಸು ನಿಂತ ಮೇಲೆ ಅವನೂ ಮನೆಯಲ್ಲಿ ನಿಂತ. ಎದೆ ಕೆಟ್ಟಿತ್ತು. ಆದರೂ ಪಕ್ಷದ ಕೆಂಪಂಗಿ ತೊಟ್ಟು ಬಿಸಿಲಲ್ಲಿ ಕೆಮ್ಮುತ್ತ ಜೈಕಾರ ಹಾಕಿ ಬರುತ್ತಿದ್ದ. "ಹಿಟ್ಟು ಕೊಟ್ಟ ಕೈ ಬಾಯಿಗೂ ಬೀಗ ಹಾಕ್ತದೆ ಕಣೆ" ಎಂದು ಹೆಂಡತಿ ದಿಲ್ಸಿಯಾಳ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದ.

ಸತ್ತ ಎಂಟನೆಯ ದಿನ ಯಾಮಿಲೆ ಬಂದಳು. ಅವಳ ಮಗನ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಮಗುವನ್ನು ಹಿಡಿದವನು ಕ್ರಿಸಾಂತೊ. ಆ ನಂಟಿನಿಂದ ಹೆಂಗಸರಿಬ್ಬರೂ ಒಬ್ಬರಿಗೊಬ್ಬರು 'ಕೊಮಾದ್ರೆ'.

"ಕೊಮಾದ್ರೆ, ನಾಳೆ ಚೌಕದಲ್ಲಿ ಸಭೆ. ಬೀದಿಯವರೆಲ್ಲ ಬರಬೇಕಂತೆ."

"ನಾಳೆ ಅವನ ಕೊನೇ ಪ್ರಾರ್ಥನೆ ಕಣೆ."

"ಸಂಜೆ ಬಂದು ಮಾಡಿದ್ರಾಯ್ತು."

"ನಿಮ್ಮ ಸಭೆ ಯಾವತ್ತು ಹೊತ್ತಿಗೆ ಮುಗಿದಿದೆ?"

ಯಾಮಿಲೆ ತಲೆ ತಗ್ಗಿಸಿದಳು. "ಪೆಟ್ಟಿಗೆ ಕೊಟ್ಟೋರು ಯಾರು ಅಂತ ಮೇಲಿನವರು ಕೇಳ್ತಾರೆ. ಏನ್ ಹೇಳ್ಲಿ?"

"ಹೂತಾಗಿದೆ. ಬೇಕಿದ್ರೆ ಅಗೆದು ತಗೊಂಡ್ಹೋಗಿ ಅನ್ನು."

ದಿಲ್ಸಿಯಾ ಹೇಳಿಯೇನೋ ಬಿಟ್ಟಳು. ಹಿಟ್ಟು ತಳ ಕಂಡಿತ್ತು. ಆದರೆ ಒಂಬತ್ತನೆಯ ದಿನ, ಸತ್ತವನಿಗಾಗಿ ಮನೆಯಲ್ಲಿ ಕಟ್ಟಿದ, ಬಿಳಿಬಟ್ಟೆ ಹಾಸಿದ ಮೆಟ್ಟಿಲು ಮೆಟ್ಟಿಲಿನ ಪೀಠವನ್ನು ಬಿಚ್ಚಿ, ಕೊನೆಯ ಮೇಣದಬತ್ತಿಯನ್ನು ಹೆಂಡತಿಯೇ ಆರಿಸಬೇಕು. ಆಗಲೇ ಸತ್ತವನಿಗೆ ದಾರಿ. ಇಲ್ಲದಿದ್ದರೆ ಬಾಗಿಲಲ್ಲೇ ನಿಂತಿರುತ್ತಾನೆ. ಬದುಕಿದ್ದಾಗ ನಿಂತದ್ದು ಸಾಲದೇ?

ಅವಳು ಹೋಗಲಿಲ್ಲ. ಸಭೆಯ ಲಾರಿಗಳು ಬೀದಿಯವರನ್ನೆಲ್ಲ ಬಳಿದುಕೊಂಡು ಹೋದವು. ಪ್ರಾರ್ಥನೆ ಹೇಳಿಸುವ ಮುದುಕಿ ಓತಿಲಿಯಾ ಬಂದು ಕುಳಿತಳು. ದನಿಗೂಡಿಸಲು ಒಬ್ಬರೂ ಇಲ್ಲ. ಇಬ್ಬರೇ ಕಾದರು.

ಹೊತ್ತು ಮುಳುಗುವಾಗ ಲಾರಿಗಳು ತಿರುಗಿ ಬಂದವು. ಇಳಿದವರು ತಮ್ಮ ಮನೆಗೆ ಹೋಗದೆ ನೇರ ಇವಳ ಬಾಗಿಲಿಗೇ ಬಂದರು. ಮುಂದೆ ಯಾಮಿಲೆ. ಎಲ್ಲರ ಮೈಮೇಲೂ ಕೆಂಪಂಗಿ.

ಓತಿಲಿಯಾ ಅಡ್ಡ ನಿಂತಳು. "ಸಾವಿನ ಮನೆಗೆ ಕೆಂಪು ಬರಬಾರದು. ಗೊತ್ತಿಲ್ವಾ?"

"ಮನೆಗೋಗಿ ಬರೋಷ್ಟರಲ್ಲಿ ಕತ್ತಲಾಗುತ್ತಜ್ಜಿ" ಎಂದು ಯಾಮಿಲೆ ಗೋಡೆಯ ಮರೆಗೆ ಹೋಗಿ ಅಂಗಿ ತಿರುವಿ ಹಾಕಿಕೊಂಡು ಬಂದಳು.

"ಒಳಗೂ ಕೆಂಪೇ ಅಲ್ವೇನೇ ನಿಂದು" ಎಂದಳು ಮುದುಕಿ.

ಯಾರೋ ಕಿಸಕ್ಕೆಂದರು. ದಿಲ್ಸಿಯಾಳಿಗೂ ನಗು ಬಂತು, ಗಂಡ ಸತ್ತ ಮೇಲೆ ಮೊದಲ ಸಲ. ಟ್ರಂಕಿನಿಂದ ದುಪ್ಪಟಿ, ಟವೆಲು, ಮೇಜಿನ ಬಟ್ಟೆ ಎಲ್ಲ ತೆಗೆದು ಕೆಂಪಿನ ಮೇಲೆ ಹೊದೆಯಲು ಹಂಚಿದಳು. ಯಾಮಿಲೆಗೆ ಉಳಿದದ್ದು ಕ್ರಿಸಾಂತೊನ ನೀಲಿ ಡ್ರೈವರ್ ಅಂಗಿ. ಅದನ್ನು ತೊಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ದುಪ್ಪಟಿ ಹೊದ್ದ ಬೀದಿಯೆಲ್ಲ ದನಿಗೂಡಿಸಿತು. ಒಂದೊಂದೇ ಮೆಟ್ಟಿಲು ಬಿಚ್ಚಿದರು. ಕೊನೆಯ ಬತ್ತಿಯನ್ನು ದಿಲ್ಸಿಯಾ ಎರಡು ಬೆರಳಲ್ಲಿ ಹಿಸುಕಿದಳು.

ಹೊರಡುವಾಗ ಯಾಮಿಲೆ, "ಡಬ್ಬದ ವಿಷಯ ನನ್ನ ಕೈಲಿಲ್ಲ ಕೊಮಾದ್ರೆ" ಎಂದಳು.

"ನಾನು ಕೇಳಿದ್ನಾ?"

ಡಬ್ಬ ಬರಲಿಲ್ಲ. ಹಿತ್ತಲಲ್ಲಿ ಮರಗೆಣಸು ಇತ್ತು, ತುರಿದು ರೊಟ್ಟಿ ತಟ್ಟಿದಳು. ಮೈ ಇಳಿಯಿತು. ಆದರೆ ಬಾಗಿಲು ಬಡಿದರೆ ಈಗ ಬೆಚ್ಚಿ ಬೀಳುವುದಿಲ್ಲ.

ಮುಂದಿನ ಮೆರವಣಿಗೆಯ ಬೆಳಿಗ್ಗೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಲಾರಿಯ ಮೇಲಿಂದ ಯಾರೋ ಕೂಗಿದರು, "ಬರಲ್ವಾ ದಿಲ್ಸಿಯಾ?"

"ಇಲ್ಲ" ಎಂದಳು.

ಕಾರಣ ಹೇಳಲಿಲ್ಲ.