ಗಿಟಾರ್‌ಗೂ ಒಂದು ಬೊಟ್ಟು

ಆಯುಧಪೂಜೆಯ ದಿನ ನಿಮ್ಮ ಮನೆಯಲ್ಲಿ ಯಾವುದಕ್ಕೆಲ್ಲ ಅರಿಶಿನ ಕುಂಕುಮ ಬಿತ್ತು? ನಮ್ಮಲ್ಲಿ ಸ್ಕೂಟರ್‌ಗೆ ಬಿತ್ತು. ಹೊಲಿಗೆ ಮೆಷಿನ್‌ಗೆ, ಮಿಕ್ಸಿಗೆ, ಈಳಿಗೆ ಮಣೆಗೆ ಬಿತ್ತು. (ನಾನು ಈ ಅಂಕಣ ಬರೆಯುವ ಪೆನ್ನಿಗೆ ಬೀಳಲಿಲ್ಲ. ನಮ್ಮತ್ತೆಯ ಪ್ರಕಾರ ಅದು ಆಯುಧವಲ್ಲ, ಹೊತ್ತು ಕಳೆಯುವ ಸಾಮಾನು.) ಕೊನೆಗೆ, ಯಾರೂ ಹೇಳದಿದ್ದರೂ, ಒಂದು ಎಲೆಕ್ಟ್ರಿಕ್ ಗಿಟಾರ್‌ಗೂ ಬಿತ್ತು.

ಪೂರ್ತಿ ಗಿಟಾರ್ ಅಲ್ಲ. ಕತ್ತಿಲ್ಲ, ತಂತಿಯಿಲ್ಲ. ತೇಗದ ಬರೀ ಮೈ. ಕೆಡವಿದ ಯಾವುದೋ ಮನೆಯ ಬಾಗಿಲ ಚೌಕಟ್ಟನ್ನು ತಂದು, ತುಂಡುಗಳನ್ನು ಅಂಟಿಸಿ, ಕೊಯ್ದು, ತಿಂಗಳುಗಟ್ಟಲೆ ಉಜ್ಜಿ ಅದನ್ನು ಮಾಡಿದವರು ನನ್ನ ಗಂಡ. ಬೊಮ್ಮನಹಳ್ಳಿ ಕಡೆಯ ಫ್ಯಾಕ್ಟರಿಯಲ್ಲಿ ಫೋರ್‌ಮನ್. ವಯಸ್ಸು ನಲವತ್ತು ದಾಟಿದೆ.

ಈ ವಯಸ್ಸಿಗೆ ಗಿಟಾರ್ ಯಾಕೆ ಅಂತೀರಾ? ನಾನೂ ಕೇಳಿದ್ದೆ. ಮದುವೆಗೆ ಮುಂಚಿನಿಂದಲೂ ಇವರಿಗೆ ಗಿಟಾರಿನ ಹುಚ್ಚು. ಬನಶಂಕರಿಯ ನಮ್ಮ ಬೀದಿಯ ಆರ್ಕೆಸ್ಟ್ರಾಕ್ಕೆ ವರ್ಷಗಳಿಂದ ಹೋಗುತ್ತಾರೆ. ಅಲ್ಲಿ ಇವರ ಕೆಲಸ ವೈರ್ ಎಳೆಯುವುದು, ಸ್ಪೀಕರ್ ಹೊರುವುದು. ಈ ಸಲ ಆರ್ಕೆಸ್ಟ್ರಾ ನಡೆಸುವ ಗೋಪಿ ಒಂದು ಮಾತು ಕೊಟ್ಟಿದ್ದ. "ಸಾರ್, ನಿಮ್ಮ ಮರದ ಡಬ್ಬ ಗಿಟಾರ್ ಮೈಕಲ್ಲಿ ಕೇಳಲ್ಲ. ರಾಜ್ಯೋತ್ಸವದೊಳಗೆ ಎಲೆಕ್ಟ್ರಿಕ್ ಒಂದು ತಂದ್ಬಿಡಿ, ಸ್ಟೇಜ್ ಹತ್ತಿಸ್ತೀನಿ."

ಅಂಗಡಿಯದ್ದು ಕೊಳ್ಳುವ ಶಕ್ತಿ ಎಲ್ಲಿದೆ? ಇವರು ಮರ ಕೊಯ್ಯಲು ಕೂತರು.

ಅತ್ತೆಯ ಕಣ್ಣಿಗೆ ಇದು ಬೀಳಲಿಲ್ಲ ಅಂತಲ್ಲ. ಚೆನ್ನಾಗಿಯೇ ಬಿತ್ತು. "ಮನೆ ತುಂಬ ಹೊಟ್ಟು. ಮಕ್ಕಳು ಕುಣಿಯೋ ವಯಸ್ಸಲ್ಲಿ ಇವನು ಕುಣೀತಾನಂತೆ," ಎಂದು ಪೊರಕೆ ಹಿಡಿದಾಗಲೆಲ್ಲ ಹೇಳುತ್ತಿದ್ದರು. ಇವರು ಕಿವುಡರಾಗಿ ಸ್ಯಾಂಡ್ ಪೇಪರ್ ಉಜ್ಜುತ್ತಿದ್ದರು.

ಉಜ್ಜಿದ ಮೇಲೆ ಇನ್ನೊಂದು ಕೆಲಸವಿದೆಯಂತೆ. ತೇಗದ ಮೈಯಲ್ಲಿ ಎಳೆಯುದ್ದಕ್ಕೂ ಸೂಜಿ ಚುಚ್ಚಿದಂಥ ತೂತುಗಳು. ಅವನ್ನು ತುಂಬಿಸದೆ ಪಾಲಿಶ್ ಹೊಡೆದರೆ ಎಷ್ಟು ಕೋಟ್ ಕೊಟ್ಟರೂ ಒರಟು ಒರಟು. ಹಾಗಾಗಿ ಸೀಮೆಸುಣ್ಣದ ಪುಡಿಯನ್ನು ವಾರ್ನಿಶ್‌ನಲ್ಲಿ ಕಲಸಿ ಗೋಣಿಚೀಲದ ತುಂಡಿನಿಂದ ತಿಕ್ಕಬೇಕು. ಆಯುಧಪೂಜೆಯ ದಿನ ಇವರು ಅದಕ್ಕೇ ಸಿದ್ಧವಾಗಿದ್ದರು. ಮೈಯನ್ನು ಒರೆಸಿ, ಹಾಲ್‌ನಲ್ಲಿ ಪೇಪರ್ ಹಾಸಿ ಮಲಗಿಸಿ, ಫ್ಯಾಕ್ಟರಿಯ ಪೂಜೆಗೆ ಹೋದರು.

ಮಧ್ಯಾಹ್ನ ಕಡಲೆಪುರಿ ಪೊಟ್ಟಣ ಹಿಡಿದು ವಾಪಸ್ ಬಂದರೆ, ಗಿಟಾರಿನ ಎದೆಯ ಮೇಲೆ ಅಗಲವಾಗಿ ಅರಿಶಿನ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ನೀರಲ್ಲಿ ಕಲಸಿ ಹಚ್ಚಿದ್ದು. ತೂತುಗಳೆಲ್ಲ ಕುಡಿದುಬಿಟ್ಟಿದ್ದವು.

ಇವರು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅದು ಇನ್ನೂ ಒಳಗಿಳಿಯಿತು. ಹಾಳಾಗಿ ಹೋಗಲಿ ಎಂದು ಪಾಲಿಶ್‌ಗೆ ತಂದಿಟ್ಟಿದ್ದ ಸ್ಪಿರಿಟ್ ಹಾಕಿ ತಿಕ್ಕಿದರು. ಅರಿಶಿನ ಸ್ಪಿರಿಟ್‌ನಲ್ಲಿ ಕರಗುತ್ತದೆಂದು ಆಗ ಗೊತ್ತಾಯಿತು. ಅಂಗೈಯಗಲ ಇದ್ದ ಹಳದಿ ಅರ್ಧ ಮೈಗೆ ಹರಡಿತು.

ಇವರು ತಾಯಿಯ ಮೇಲೆ ರೇಗಿದವರಲ್ಲ, ಇವತ್ತು ರೇಗುತ್ತಾರೆ ಅಂದುಕೊಂಡೆ. ಬಾಯಿ ತೆರೆದಿದ್ದರು ಕೂಡ.

"ಯಾಕಮ್ಮ ಇಟ್ಟೆ ಇದಕ್ಕೆ?"

ಅತ್ತೆ ಬಾಳೆಕಂದು ಕಟ್ಟುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ಸ್ಕೂಟರ್‌ಗಿಟ್ಟೆ, ಮೆಷಿನ್‌ಗಿಟ್ಟೆ. ಇಷ್ಟು ದಿನ ಕೂತು ಮಾಡಿದೀಯ. ಅದೊಂದನ್ನೇ ಬಿಟ್ರೆ ಅದಕ್ಕೇನನ್ಸುತ್ತೆ?"

ಇವರು ಪೇಪರ್ ಮೇಲೆ ಬಿದ್ದಿದ್ದ ಸೇವಂತಿಗೆಯನ್ನು ಕೈಗೆತ್ತಿಕೊಂಡರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. (ಸ್ಪಿರಿಟ್ ವಾಸನೆಗೆ ಅಂತ ಆಮೇಲೆ ಹೇಳಿದರು. ನಂಬಿದೆ ಅಂತ ನಾನೂ ಹೇಳಿದೆ.)

ಹೊರಗಿನವರು ಸೈ ಅಂದರೆ ಹೆಮ್ಮೆ. ಮನೆಯವರು ಸೈ ಅಂದರೆ? ಅದಕ್ಕೆ ಪದವಿಲ್ಲ, ಒಂದು ಬೊಟ್ಟು ಸಾಕು.

"ಅಮ್ಮ, ಅರಿಶಿನದ ಡಬ್ಬಿ ಇಲ್ಲಿ ಕೊಡು," ಅಂದರು ಇವರು.

ಸ್ಪಿರಿಟ್‌ನಲ್ಲಿ ಅರಿಶಿನ ಕದಡಿ, ಹರಡಿದ್ದರ ಜೊತೆಗೆ ಉಳಿದ ಮೈಗೂ ಬಳಿದರು. ಹಳದಿ ಒಣಗಿದ ಮೇಲೆ ಸೀಮೆಸುಣ್ಣದ ಪುಡಿಗೆ ಕುಂಕುಮ ಸೇರಿಸಿ, ವಾರ್ನಿಶ್ ಹಾಕಿ ಕಲಸಿದರು. ಗೋಣಿ ಹಿಡಿದು ಎಳೆಯುದ್ದಕ್ಕೆ ತಿಕ್ಕುತ್ತಿದ್ದಾಗ ತುಂಬಿದ್ದೆಲ್ಲ ಮತ್ತೆ ಹೊರಗೆ ಬರುತ್ತಿತ್ತು. ಅತ್ತೆ ನೋಡುವಷ್ಟು ನೋಡಿದರು. ಸೆರಗು ಸಿಕ್ಕಿಸಿಕೊಂಡು ಬಂದು ಗೋಣಿ ಕಿತ್ತುಕೊಂಡರು.

"ಹಂಗಲ್ಲ ಕಣೋ, ಅಡ್ಡಡ್ಡ ತಿಕ್ಕು. ಹಿತ್ತಾಳೆ ಚೊಂಬಿನ ನಕ್ಷೆಯೊಳಗೆ ಹುಣಸೇಹಣ್ಣು ಹೆಂಗೆ ಹೋಗುತ್ತೆ ಅಂದ್ಕೊಂಡಿದೀಯ?"

ಇಬ್ಬರೂ ಸೇರಿ ಅಡ್ಡಡ್ಡ ತಿಕ್ಕಿದರು. ಪ್ರತಿ ತೂತೂ ತುಂಬಿತು. ಅವತ್ತು ನಮ್ಮಲ್ಲಿ ಊಟ ತಡವಾಯಿತು. ಯಾರಿಗೂ ಬೇಜಾರಾಗಲಿಲ್ಲ.

ಒಣಗಿದ ಮೇಲೆ ಸಣ್ಣ ಸ್ಯಾಂಡ್ ಪೇಪರ್, ಆಮೇಲೆ ಕೋಟ್ ಮೇಲೆ ಕೋಟ್ ಪಾಲಿಶ್. ಯಾರದೋ ಮುರಿದ ಗಿಟಾರಿನ ಕತ್ತು ಬಂದು ಕೂತಿತು, ತಂತಿ ಬಂತು. ಜೇನಿನ ಬಣ್ಣದ ಮೈ, ಅದರ ಮೇಲೆ ಕೆಂಪು ಎಳೆಗಳು. ಕೈ ಆಡಿಸಿದರೆ ಗಾಜು.

ಕಳೆದ ಭಾನುವಾರ ನಮ್ಮ ಬೀದಿಯ ರಾಜ್ಯೋತ್ಸವ. ಇವರು ಸ್ಟೇಜ್ ಹತ್ತಿದರು. ಮೊದಲ ಹಾಡಿನಲ್ಲಿ ಬೆರಳು ಒಂದೆರಡು ಕಡೆ ತಪ್ಪಿತು. ಎರಡನೆಯದರಲ್ಲಿ ಗೋಪಿಯೇ ತಿರುಗಿ ನೋಡಿದ. ಕಾರ್ಯಕ್ರಮ ಮುಗಿದ ಮೇಲೆ ಜಯನಗರದಿಂದ ಬಂದಿದ್ದ ಕಾಲೇಜು ಹುಡುಗನೊಬ್ಬ, "ಅಂಕಲ್, ಸಖತ್ತಾಗಿದೆ ಕಲರ್, ಫಾರಿನ್ನಾ?" ಅಂತ ಕೇಳಿದ. ಇವರು ಉತ್ತರ ಹೇಳುವ ಮೊದಲೇ, ಶಾಲು ಹೊದ್ದು ಮುಂದಿನ ಸಾಲಲ್ಲಿ ಕೂತಿದ್ದ ಅತ್ತೆ, "ನಮ್ಮ ದೇವರ ಮನೇದು," ಅಂದರು.

ನನಗೆ ತುಂಬಾ ಸಂತೋಷವಾಯಿತು. ಸುಳ್ಳೇಕೆ, ಹೊಟ್ಟೆಯೂ ಒಂಚೂರು ಉರಿಯಿತು. ಬರುವ ವರ್ಷ ನನ್ನ ಪೆನ್ನನ್ನು ಈಳಿಗೆ ಮಣೆಯ ಪಕ್ಕದಲ್ಲೇ ಇಡುತ್ತೇನೆ. ಅತ್ತೆಯ ಕುಂಕುಮದ ಬೆರಳು ಅಲ್ಲಿ ನಿಲ್ಲುತ್ತದಾ, ದಾಟಿ ಮಿಕ್ಸಿಗೆ ಹೋಗುತ್ತದಾ?